ಹಾಸಿಗೆ ಹಿಡಿದವರ ಮನೆ ಆರೈಕೆ: ಮಳೆಗಾಲಕ್ಕೆ ಮುಂಚೆ ಒದಗಿಸಿಕೊಳ್ಳಬೇಕಾದ ಸಾಮಗ್ರಿಗಳು

ಲಕ್ವ ಹೊಡೆದ ಹಿರಿಯರು, ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಅಜ್ಜಿ, ಅಡಿಕೆ ಮರದಿಂದಲೋ ಮೆಣಸಿನ ಏಣಿಯಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದ ತರುಣ, ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರು. ಇಂಥವರಲ್ಲಿ ಒಬ್ಬರಾದರೂ ಇಲ್ಲದ ಊರು ನಮ್ಮ ತೋಟದ ಸೀಮೆಯಲ್ಲಿ ಅಪರೂಪ. ಆಸ್ಪತ್ರೆಯವರು ತಮ್ಮ ಕೆಲಸ ಮುಗಿಸಿ "ಇನ್ನು ಮನೆಯಲ್ಲಿ ನೋಡಿಕೊಳ್ಳಿ" ಎಂದು ಕಳುಹಿಸಿದ ದಿನದಿಂದ ಮನೆಯವರ ಕೆಲಸ ಆರಂಭವಾಗುತ್ತದೆ. ಅದು ಒಂದು ವಾರದ್ದಾಗಿರಬಹುದು, ಹತ್ತು ವರ್ಷದ್ದೂ ಆಗಿರಬಹುದು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ನಾವು ಮುಂಗಾರು ಬಲಗೊಳ್ಳುವ ಮೊದಲೇ ಸಿಂಪಡಿಸುತ್ತೇವೆ, ಕಾಯಿ ಉದುರತೊಡಗಿದ ಮೇಲಲ್ಲ. ರೋಗಿಯ ಆರೈಕೆಯಲ್ಲಿಯೂ ನಿಯಮ ಅದೇ. ಹಾಸಿಗೆ ಹುಣ್ಣು, ಮೂತ್ರದ ಸೋಂಕು, ಅನ್ನ ಶ್ವಾಸನಾಳಕ್ಕೆ ಹೋಗಿ ಬರುವ ನ್ಯುಮೋನಿಯಾ ಈ ಮೂರು ಎಷ್ಟೋ ಸಲ ಮೂಲ ಕಾಯಿಲೆಗಿಂತ ಹೆಚ್ಚು ಅಪಾಯಕಾರಿ. ಮೂರನ್ನೂ ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ಬೇಕಾದ ಸಾಮಗ್ರಿಗಳು ಯಾವುವು, ಅವುಗಳನ್ನು ಏಕೆ ಮತ್ತು ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಆಸ್ಪತ್ರೆ ಬಿಡುವ ಮೊದಲು

ಬಿಲ್ಲು ಕಟ್ಟಿ ಗಾಡಿ ತರಿಸುವ ಗಡಿಬಿಡಿಯಲ್ಲಿ ಮುಖ್ಯವಾದುದು ಬಿಟ್ಟುಹೋಗುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರೋ ಅವರೇ ಆಸ್ಪತ್ರೆಯಲ್ಲಿ ಒಂದೆರಡು ದಿನ ಇದ್ದು, ದಾದಿಯರ ಎದುರಿನಲ್ಲಿ ತಮ್ಮ ಕೈಯಾರೆ ಮಾಡಿ ಕಲಿಯಬೇಕು. ಮಗ್ಗುಲು ಬದಲಿಸುವುದು, ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಮೂಗಿನ ನಳಿಕೆಯಿದ್ದರೆ ಅದರಲ್ಲಿ ಆಹಾರ ಕೊಡುವುದು, ಇನ್ಸುಲಿನ್ ಚುಚ್ಚುವುದು ಇವನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಲದು.

ಕೇಳಿ ಬರೆದುಕೊಳ್ಳಬೇಕಾದ ಪ್ರಶ್ನೆಗಳು ಐದು. ಯಾವ ಔಷಧಿಯನ್ನು ಒಂದು ದಿನವೂ ತಪ್ಪಿಸಬಾರದು? ರೋಗಿ ನೀರು ನುಂಗಬಹುದೇ, ಯಾವ ಹದದ ಆಹಾರ? ಕ್ಯಾತಿಟರ್ ಎಂದು ಬದಲಿಸಬೇಕು, ಎಲ್ಲಿ? ಯಾವ ಲಕ್ಷಣ ಕಂಡರೆ ಕೂಡಲೇ ಕರೆತರಬೇಕು? ರಾತ್ರಿ ಹೊತ್ತು ಫೋನಿನಲ್ಲಿ ಕೇಳಬೇಕಾದರೆ ಯಾರನ್ನು? ಉತ್ತರಗಳನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸತಕ್ಕದ್ದು.

2. ಮಂಚ, ಹಾಸಿಗೆ, ಬಟ್ಟೆ

ಒಳಗಿನ ಕತ್ತಲೆ ಕೋಣೆಗಿಂತ ಗಾಳಿ ಬೆಳಕು ಬರುವ, ಬಚ್ಚಲಿಗೆ ಹತ್ತಿರವಾದ, ಮನೆಯವರ ಮಾತು ಕಿವಿಗೆ ಬೀಳುವ ಜಾಗ ಒಳ್ಳೆಯದು. ಮಂಚವನ್ನು ಗೋಡೆಗೆ ಒತ್ತಿಸದೆ ಎರಡೂ ಬದಿಯಲ್ಲಿ ನಿಲ್ಲಲು ಸ್ಥಳ ಬಿಡಿ.

ರೋಗಿ ಪೂರ್ತಿ ಮಲಗಿದವರಾದರೆ ಹಾಸಿಗೆ ಆರೈಕೆ ಮಾಡುವವರ ಸೊಂಟದ ಎತ್ತರಕ್ಕೆ ಬರಬೇಕು. ಇಲ್ಲದಿದ್ದರೆ ದಿನಕ್ಕೆ ಇಪ್ಪತ್ತು ಸಲ ಬಗ್ಗಿ ಅವರ ಬೆನ್ನೇ ಕೆಡುತ್ತದೆ. ಮರದ ನಾಲ್ಕು ದಿಮ್ಮಿಗಳಲ್ಲಿ ಮಂಚದ ಕಾಲು ಕೂರುವಷ್ಟು ಗುಳಿ ತೋಡಿಸಿ ಕೆಳಗಿಟ್ಟರೆ ಕೆಲಸ ಆಗುತ್ತದೆ. ಬರಿಯ ಇಟ್ಟಿಗೆ ಇಟ್ಟರೆ ಕಾಲು ಜಾರುತ್ತದೆ. ಎದ್ದು ಕೂರಬಲ್ಲ ರೋಗಿಗಾದರೆ, ಅಂಚಿನಲ್ಲಿ ಕೂತಾಗ ಪಾದ ನೆಲಕ್ಕೆ ಪೂರ್ತಿ ಊರುವ ಎತ್ತರವೇ ಸರಿ.

ಹಾಸಿಗೆಯ ಕ್ರಮ ಹೀಗಿರಲಿ. ಕೆಳಗೆ ನಾಲ್ಕು ಅಂಗುಲದ ಗಟ್ಟಿ ಫೋಮ್ ಹಾಸಿಗೆ. ಅಗತ್ಯವಿದ್ದರೆ ಅದರ ಮೇಲೆ ಏರ್‌ಬೆಡ್. ಅದರ ಮೇಲೆ ಹತ್ತಿಯ ಹೊದಿಕೆ. ಸೊಂಟದ ಭಾಗಕ್ಕೆ ಮಾತ್ರ ಒಂದು ಗಜ ಅಗಲದ ರಬ್ಬರ್ ಶೀಟು, ಅದನ್ನು ಮುಚ್ಚುವಂತೆ ನಾಲ್ಕು ಮಡಿಕೆಯ ಹಳೆಯ ಹತ್ತಿ ಸೀರೆ. ಈ ಅಡ್ಡ ಬಟ್ಟೆ ಒದ್ದೆಯಾದರೆ ಅದನ್ನಷ್ಟೇ ಬದಲಿಸಬಹುದು. ಇಬ್ಬರು ಎರಡು ಬದಿಯಲ್ಲಿ ಹಿಡಿದು ರೋಗಿಯನ್ನು ಮೇಲಕ್ಕೆ ಸರಿಸಲೂ ಅದೇ ಉಪಯೋಗ. ಅಡಿಕೆ ಒಣಗಿಸುವ ಟಾರ್ಪಾಲನ್ನು ಹಾಸಿಗೆಯುದ್ದಕ್ಕೂ ಹಾಸುವ ರೂಢಿ ಕೆಲವು ಕಡೆ ಇದೆ. ಅದು ಬೆವರು ಹಿಡಿದು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಸುಕ್ಕುಗಟ್ಟಿ ಒತ್ತುತ್ತದೆ. ಆದುದರಿಂದ ಬಳಸಬಾರದು.

ದಿಂಬುಗಳು ಕನಿಷ್ಠ ಐದು ಬೇಕು: ತಲೆಗೆ, ಬೆನ್ನಿಗೆ, ಮೊಣಕಾಲುಗಳ ನಡುವೆ, ಮೀನಖಂಡದ ಕೆಳಗೆ ಮತ್ತು ತೋಳಿಗೆ. ಅಡ್ಡ ಬಟ್ಟೆಗಳು ಎಂಟು ಹತ್ತಾದರೂ ಇರಲಿ. ಮಳೆಗಾಲದಲ್ಲಿ ಒಗೆದುದು ಎರಡು ಮೂರು ದಿನ ಒಣಗುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

3. ಹಾಸಿಗೆ ಹುಣ್ಣು ಮತ್ತು ಅದನ್ನು ತಡೆಯುವ ಕ್ರಮ

ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಮಾಂಸಗಳು ಅದುಮಿದಾಗ ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಆರೋಗ್ಯವಂತರು ನಿದ್ದೆಯಲ್ಲಿಯೂ ತಾವಾಗಿ ಹೊರಳುತ್ತಾರೆ. ಹೊರಳಲಾಗದವರಲ್ಲಿ ಕೆಲವೇ ಗಂಟೆಗಳಲ್ಲಿ ಆ ಭಾಗ ಸಾಯತೊಡಗುತ್ತದೆ. ಬಾಲಮೂಳೆಯ ಮೇಲ್ಭಾಗ, ಹಿಮ್ಮಡಿ, ಸೊಂಟದ ಎರಡು ಬದಿ, ಮೊಣಕೈ, ಹೆಗಲ ಹಲಗೆ, ತಲೆಯ ಹಿಂಭಾಗ, ಕಿವಿ ಇವು ಅಪಾಯದ ಜಾಗಗಳು.

ಮೊದಲ ಲಕ್ಷಣ ಕೆಂಪು ಕಲೆ. ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬೆಳ್ಳಗಾಗದೆ ಹಾಗೆಯೇ ಉಳಿದರೆ ಹುಣ್ಣು ಆರಂಭವಾಗಿದೆ ಎಂದು ತಿಳಿಯಬೇಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಆಗ ಸುತ್ತಲಿಗಿಂತ ಕಪ್ಪಾದ, ಬಿಸಿಯಾದ ಅಥವಾ ಗಟ್ಟಿಯಾದ ಭಾಗವನ್ನು ಕೈಯಿಂದ ಮುಟ್ಟಿ ಗುರುತಿಸಬೇಕು. ಪ್ರತಿದಿನ ಮೈ ಒರೆಸುವಾಗ ಈ ಜಾಗಗಳನ್ನೆಲ್ಲ ನೋಡತಕ್ಕದ್ದು.

ತಡೆಯುವ ಉಪಾಯ ಮುಖ್ಯವಾಗಿ ಒಂದೇ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಎಡ, ಬೆನ್ನು, ಬಲ ಎಂಬ ಸರದಿಯನ್ನು ಗೋಡೆಯ ಮೇಲೆ ಬರೆದಿಟ್ಟು ಮುಗಿದಂತೆ ಗುರುತು ಹಾಕಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ವಾಲಿಸಿ. ಮೀನಖಂಡದ ಕೆಳಗೆ ದಿಂಬು ಕೊಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಎಳೆಯಬೇಡಿ, ಎತ್ತಿ ಸರಿಸಿ. ಕುರ್ಚಿಯಲ್ಲಿ ಕೂರುವವರು ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಭಾರ ಬದಲಿಸಬೇಕು.

ಏರ್‌ಬೆಡ್ ತಂದ ಮೇಲೆ ಮಗ್ಗುಲು ಬದಲಿಸಬೇಕಾಗಿಲ್ಲ ಎಂಬುದು ದೊಡ್ಡ ತಪ್ಪು ತಿಳುವಳಿಕೆ. ಅದು ಸಹಾಯಕ ಸಾಧನ ಮಾತ್ರ. ಗಾಳಿ ಸಾಕಷ್ಟಿದೆಯೇ ಎಂದು ನೋಡಲು, ರೋಗಿಯ ಬಾಲಮೂಳೆಯ ನೇರಕ್ಕೆ ಏರ್‌ಬೆಡ್ಡಿನ ಅಡಿಯಲ್ಲಿ ಅಂಗೈ ಮೇಲಾಗಿ ಕೈ ತೂರಿಸಿ. ಕೈಗೂ ಮೈಗೂ ನಡುವೆ ಒಂದು ಅಂಗುಲದಷ್ಟಾದರೂ ಗಾಳಿಯ ದಪ್ಪ ಇರಬೇಕು. ಪಂಪಿನ ನಳಿಕೆಯನ್ನು ಇಲಿ ಕಡಿಯದಂತೆ ನೋಡಿಕೊಳ್ಳಿ.

ಮಾಡಬಾರದ ಕೆಲಸಗಳೂ ಇವೆ. ಕೆಂಪಾದ ಜಾಗವನ್ನು ತಿಕ್ಕಿ ಎಣ್ಣೆ ಹಚ್ಚಬಾರದು. ಒಳಗೆ ನೊಂದಿರುವ ಮಾಂಸ ಇನ್ನಷ್ಟು ಹರಿಯುತ್ತದೆ. ಟೈರಿನಂಥ ಉಂಗುರ ದಿಂಬು ಬಳಸಬಾರದು. ಅದು ಸುತ್ತಲ ರಕ್ತವನ್ನು ತಡೆಯುತ್ತದೆ. ಹುಣ್ಣಿಗೆ ಸ್ಪಿರಿಟ್, ಅರಿಶಿನ ಪುಡಿ, ಬೂದಿ ಹಾಕಬಾರದು. ಅರ್ಧ ಲೀಟರು ಕುದಿಸಿ ಆರಿಸಿದ ನೀರಿಗೆ ಒಂದು ಮಟ್ಟ ಚಮಚೆ ಉಪ್ಪು ಬೆರೆಸಿ ತೊಳೆದು, ಶುದ್ಧ ಬಟ್ಟೆ ಮುಚ್ಚಿ, ವೈದ್ಯರಿಗೆ ತೋರಿಸಬೇಕು. ಬೆನ್ನುಹುರಿ ಪೆಟ್ಟಾದವರಿಗೂ ಲಕ್ವವಾದವರಿಗೂ ಸ್ಪರ್ಶಜ್ಞಾನ ಇಲ್ಲದ ಭಾಗಕ್ಕೆ ಬಿಸಿನೀರಿನ ಚೀಲ ಇಡಲೇಬಾರದು. ಸುಟ್ಟುದು ಅವರಿಗೆ ತಿಳಿಯುವುದಿಲ್ಲ.

4. ಮಲಮೂತ್ರ ವ್ಯವಸ್ಥೆ

ಬೆಡ್‌ಪ್ಯಾನ್, ಮೂತ್ರದ ಬಾಟಲಿ, ಸಾಧ್ಯವಾದರೆ ಕಮೋಡ್ ಕುರ್ಚಿ. ಕೂರಬಲ್ಲವರಿಗೆ ಕಮೋಡ್ ಕುರ್ಚಿ ಎಲ್ಲಕ್ಕಿಂತ ಮೇಲು. ಹೊಟ್ಟೆ ಸಲೀಸಾಗಿ ಕಳೆಯುತ್ತದೆ, ಮಾನವೂ ಉಳಿಯುತ್ತದೆ. ಡಯಾಪರ್ ಬಳಸುವುದಾದರೆ ಒದ್ದೆಯಾದ ಕೂಡಲೇ ಬದಲಿಸಬೇಕು. ಹಗಲು ಹಳೆಯ ಹತ್ತಿ ಬಟ್ಟೆ, ರಾತ್ರಿ ಡಯಾಪರ್ ಎಂದು ಇಟ್ಟುಕೊಂಡರೆ ಖರ್ಚೂ ಇಳಿಯುತ್ತದೆ, ಚರ್ಮಕ್ಕೂ ಗಾಳಿ ಸಿಗುತ್ತದೆ.

ಕ್ಯಾತಿಟರ್ ಇದ್ದರೆ ನಾಲ್ಕು ನಿಯಮಗಳು. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ನಳಿಕೆ ಮಡಚಬಾರದು, ರೋಗಿಯ ಕೆಳಗೆ ಸಿಕ್ಕಬಾರದು. ಮೂರರಲ್ಲಿ ಎರಡು ಪಾಲು ತುಂಬುವ ಹೊತ್ತಿಗೆ ಖಾಲಿ ಮಾಡಬೇಕು. ಮುಟ್ಟುವ ಮೊದಲೂ ಆಮೇಲೂ ಸಾಬೂನಿನಿಂದ ಕೈ ತೊಳೆಯಬೇಕು. ನಾಲ್ಕು ಗಂಟೆ ಕಳೆದರೂ ಚೀಲಕ್ಕೆ ಮೂತ್ರ ಬಾರದೆ ಹೊಟ್ಟೆಯ ಕೆಳಭಾಗ ಉಬ್ಬಿದ್ದರೆ ನಳಿಕೆ ಕಟ್ಟಿದೆ, ತಡಮಾಡಬಾರದು.

ಮರದಿಂದ ಬಿದ್ದವರ ಮನೆಯವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಪೆಟ್ಟು ಕುತ್ತಿಗೆಯಲ್ಲಿ ಅಥವಾ ಎದೆಯ ಮೇಲ್ಭಾಗದ ಬೆನ್ನುಹುರಿಯಲ್ಲಿ ಆಗಿದ್ದರೆ, ಮೂತ್ರ ಕಟ್ಟಿದಾಗ ಅಥವಾ ಮಲ ಗಟ್ಟಿಯಾದಾಗ ರಕ್ತದೊತ್ತಡ ಒಮ್ಮೆಲೇ ಏರಬಹುದು. ಸಿಡಿಯುವಂಥ ತಲೆನೋವು, ಮುಖ ಕೆಂಪಾಗುವುದು, ಪೆಟ್ಟಾದ ಭಾಗಕ್ಕಿಂತ ಮೇಲೆ ಬೆವರುವುದು ಇದರ ಲಕ್ಷಣ. ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ನಳಿಕೆ ಮಡಚಿದೆಯೇ ನೋಡಿ. ತಲೆನೋವು ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಇದು ಪ್ರಾಣಾಪಾಯದ ಸ್ಥಿತಿ.

5. ಊಟ, ನೀರು, ಬಾಯಿಯ ಶುಚಿ

ಮಲಗಿಸಿಕೊಂಡು ಅನ್ನ ನೀರು ಕೊಡಬಾರದು. ಸಾಧ್ಯವಾದಷ್ಟು ನೆಟ್ಟಗೆ ಕೂರಿಸಿ, ಗಲ್ಲ ತುಸು ಕೆಳಗೆ ಬಾಗಿಸಿ, ಸಣ್ಣ ಚಮಚೆಯಲ್ಲಿ ಕೊಡಿ. ಊಟದ ಮೇಲೆ ಅರ್ಧ ಗಂಟೆ ಹಾಗೆಯೇ ಕೂತಿರಲಿ, ಆಮೇಲೆ ತಗ್ಗಿಸಿ. ಸದಾ ಅರೆಕೂತ ಸ್ಥಿತಿಯಲ್ಲಿಟ್ಟರೆ ಮೈ ಕೆಳಕ್ಕೆ ಜಾರಿ ಬೆನ್ನಡಿಯಲ್ಲಿ ಹುಣ್ಣಾಗುತ್ತದೆ. ನೀರು ಕುಡಿದಾಗ ಕೆಮ್ಮು ಬಂದರೆ ಅಥವಾ ದನಿ ಒದ್ದೆಯಾಗಿ ಗೊರಗುಟ್ಟಿದರೆ ನಿಲ್ಲಿಸಿ, ವೈದ್ಯರನ್ನು ಕೇಳಿ. ಲಕ್ವವಾದವರಿಗೆ ನೀರಿಗಿಂತ ಗಂಜಿಯ ಹದವೇ ನುಂಗಲು ಸುಲಭವಾಗುವುದುಂಟು.

ಹುಣ್ಣು ಮಾಯಲು ಸಸಾರಜನಕ ಬೇಕು. ರಾಗಿ ಗಂಜಿ ಒಳ್ಳೆಯದೇ, ಆದರೆ ಅದೊಂದೇ ಸಾಲದು. ತೊವ್ವೆ, ಹೆಸರುಕಾಳು, ಹಾಲು, ಮೊಸರು, ಮೊಟ್ಟೆ, ಮೀನು ಮನೆಯ ರೂಢಿಯಂತೆ ಸೇರಲಿ. ಮೂತ್ರಪಿಂಡದ ಕಾಯಿಲೆ ಇದ್ದರೆ ಪ್ರಮಾಣವನ್ನು ವೈದ್ಯರು ಹೇಳಬೇಕು. ಭೇದಿಯಾದರೆ ಓ.ಆರ್.ಎಸ್. ಪೊಟ್ಟಣ ಒಂದು ಲೀಟರು ನೀರಿಗೆ. ಪೊಟ್ಟಣ ಇಲ್ಲದಾಗ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ 6 ಮಟ್ಟ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಟೀ ಚಮಚೆಯೇ ಅಳತೆ.

ಬಾಯಿಯನ್ನು ದಿನಕ್ಕೆ ಎರಡು ಸಲ ಮೃದು ಬ್ರಷ್ ಅಥವಾ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ಶುಚಿ ಮಾಡಬೇಕು. ಬಾಯಿ ಕೊಳೆತರೆ ಆ ರೋಗಾಣು ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಕ್ಕಳಿಸಿ ಉಗುಳಲು ನಮ್ಮ ಅಡಿಕೆ ಹಾಳೆಯ ದೊನ್ನೆಗಿಂತ ಅನುಕೂಲವಾದ ಪಾತ್ರೆ ಇಲ್ಲ. ಬಳಸಿ ಗುಂಡಿಗೆ ಹಾಕಿದರಾಯಿತು.

6. ಔಷಧಿ ಪೆಟ್ಟಿಗೆ ಮತ್ತು ಅಳತೆಯ ಸಾಧನಗಳು

ಡಿಜಿಟಲ್ ಥರ್ಮಾಮೀಟರ್, ತೋಳಿಗೆ ಸುತ್ತುವ ರಕ್ತದೊತ್ತಡ ಮಾಪಕ, ಸಕ್ಕರೆ ಕಾಯಿಲೆ ಇದ್ದರೆ ಗ್ಲೂಕೋಮೀಟರ್, ಉಸಿರಾಟದ ತೊಂದರೆಯಿದ್ದರೆ ಪಲ್ಸ್ ಆಕ್ಸಿಮೀಟರ್. ಗ್ಲೂಕೋಮೀಟರಿನ ಪಟ್ಟಿಗಳಿಗೆ ಅವಧಿ ಇರುತ್ತದೆ; ಡಬ್ಬಿಯ ಮುಚ್ಚಳ ತೆರೆದಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಕೆಡುತ್ತವೆ. ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದು ರೋಗಿ ಎಚ್ಚರವಾಗಿದ್ದು ನುಂಗಬಲ್ಲವರಾದರೆ 3 ಟೀ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಇನ್ಸುಲಿನ್ ಬುಡ್ಡಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿಡಬೇಕು, ಹಿಮಗಟ್ಟಬಾರದು. ದಿನಗಟ್ಟಲೆ ಕರೆಂಟಿಲ್ಲದಾಗ, ಮಣ್ಣಿನ ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ, ಒಳಗೆ ಬುಡ್ಡಿಯಿಟ್ಟು ಗಾಳಿಯಾಡುವ ಕಡೆ ಇಡಬಹುದು.

ಒಂದು ಎಚ್ಚರಿಕೆ ನಮ್ಮಂಥ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮೈಲುತುತ್ತ, ಕೀಟನಾಶಕ, ಕಳೆನಾಶಕಗಳಿರುವ ಕಪಾಟಿನಲ್ಲಿ ಔಷಧಿ ಇಡಬಾರದು. ಆ ಅಳತೆ ಲೋಟ ಮನೆಯೊಳಗೆ ಬರಬಾರದು. ಖಾಲಿ ಟಾನಿಕ್ ಬಾಟಲಿಗೆ ಸಿಂಪರಣೆಯ ಔಷಧಿ ತುಂಬಿಸಬಾರದು.

ಕೂಲಿ ಲೆಕ್ಕ ಬರೆಯುವಂಥ ಉದ್ದ ಪುಸ್ತಕವೊಂದನ್ನು ಮಂಚದ ಬಳಿ ಇಡಿ. ದಿನಾಂಕ, ಜ್ವರ, ರಕ್ತದೊತ್ತಡ, ಕೊಟ್ಟ ಔಷಧಿ, ಕುಡಿದ ನೀರು, ಮೂತ್ರ, ಮಲ, ಚರ್ಮದ ಸ್ಥಿತಿ ಎಂದು ಅಂಕಣ ಎಳೆಯಿರಿ. ವೈದ್ಯರಿಗೆ ಈ ಪುಸ್ತಕ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಹೇಳುತ್ತದೆ.

7. ಶುಚಿತ್ವ

ಸಾಬೂನು, ಕೈಗವಸು, ಮುಚ್ಚಳವಿರುವ ಎರಡು ಬಕೆಟ್, ಬ್ಲೀಚಿಂಗ್ ಪೌಡರ್. ಬಟ್ಟೆಗಳಿಗೆ ಸಾಬೂನು, ಕುದಿನೀರು, ಬಿಸಿಲು ಇಷ್ಟೇ ಸಾಕು. ರಕ್ತ ಅಥವಾ ಮಲ ಬಿದ್ದ ನೆಲವನ್ನು ಮೊದಲು ಒರೆಸಿ ತೆಗೆದು, ಒಂದು ಲೀಟರು ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿದ ತಿಳಿಯಿಂದ ತೊಳೆಯಬೇಕು. ಇದು ಸಾಮಾನ್ಯವಾಗಿ ದೊರೆಯುವ ಶೇಕಡಾ 33 ಕ್ಲೋರಿನ್ ಇರುವ ಪುಡಿಯ ಲೆಕ್ಕ. ಬ್ಲೀಚಿಂಗಿನ ಜೊತೆ ಶೌಚಾಲಯದ ಆಸಿಡ್ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ಚುಚ್ಚಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೇರಿಸಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ. ತೋಟದ ಗೊಬ್ಬರಗುಂಡಿಗೆ ಬಿದ್ದರೆ ಬರಿಗಾಲಿನ ಕೆಲಸಗಾರರಿಗೆ ಚುಚ್ಚುತ್ತದೆ.

8. ಕರೆಂಟು ಹೋದಾಗ, ದಾರಿ ಕಡಿದಾಗ

ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕಂಬ ಮುರಿಯುವುದು, ಹೊಳೆ ಏರಿ ಸಂಕ ಮುಳುಗುವುದು ನಮಗೆ ಹೊಸದಲ್ಲ. ಮೇ ತಿಂಗಳ ಕೊನೆಯೊಳಗೆ ಒಂದು ತಿಂಗಳ ಔಷಧಿ ಮನೆಯಲ್ಲಿರಬೇಕು. ಮೂರ್ಛೆರೋಗ, ರಕ್ತದೊತ್ತಡ, ಹೃದಯ, ಸಕ್ಕರೆ ಇವುಗಳ ಔಷಧಿ ಹಠಾತ್ತಾಗಿ ನಿಂತರೆ ಅಪಾಯ. ಒಂದು ಹೆಚ್ಚಿನ ಮೂತ್ರದ ಚೀಲ, ಬ್ಯಾಟರಿ ದೀಪ, ಥರ್ಮಾಸ್ ಇರಲಿ.

ಏರ್‌ಬೆಡ್ಡಿನ ಪಂಪಿಗೆ ಒಂದು ಸಣ್ಣ ಬಲ್ಬಿನಷ್ಟೇ ವಿದ್ಯುತ್ ಸಾಕು. ಮನೆಯ ಇನ್ವರ್ಟರಿಗೆ ಜೋಡಿಸಬಹುದು. ಆಮ್ಲಜನಕ ಯಂತ್ರದ ಲೆಕ್ಕ ಬೇರೆ, ಅದಕ್ಕೆ ನೂರಾರು ವ್ಯಾಟ್ ಬೇಕು. ಅದನ್ನು ನಂಬಿರುವವರು ತುಂಬಿದ ಸಿಲಿಂಡರ್ ಒಂದನ್ನು ಬದಲಿಗೆ ಇಟ್ಟುಕೊಳ್ಳಲೇಬೇಕು. ಆ ಕೋಣೆಯಲ್ಲಿ ಬೀಡಿ, ದೀಪ, ಒಲೆ ಇರಕೂಡದು. ತುರ್ತಿಗೆ 108 ಆಂಬುಲೆನ್ಸ್ ಇದೆ. ಆದರೆ ಗಾಡಿ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಗೆ ಹೊತ್ತು ತರಲು ಯಾವ ನಾಲ್ವರು ಬರುತ್ತಾರೆ ಎಂಬುದನ್ನು ಮೊದಲೇ ಮಾತಾಡಿಡಿ. ಎರಡು ಗಟ್ಟಿ ಗಳ, ಒಂದು ಗಟ್ಟಿ ಕಂಬಳಿ ಸಿದ್ಧವಿರಲಿ.

9. ನೋವು ಶಮನ

"ಕಾಯಿಲೆಯೆಂದ ಮೇಲೆ ನೋವು ಇದ್ದದ್ದೇ" ಎಂದು ಸಹಿಸಿಕೊಳ್ಳಬೇಕಾಗಿಲ್ಲ. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಯ ಮೂಲಕ ಕೊಡುವ ಮಾರ್ಫಿನ್ ಪರಿಣಾಮಕಾರಿ. ಮಾದಕವಸ್ತು ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಒದಗಿಸುವುದು ಸುಲಭವಾಗಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಚಟ ಹಿಡಿಯುತ್ತದೆಂಬ ಭಯ ಬೇಡ. ಮಲಬದ್ಧತೆ ಮಾತ್ರ ಆಗಿಯೇ ಆಗುತ್ತದೆ. ಅದಕ್ಕೂ ಔಷಧಿ ಕೇಳಿ ಪಡೆಯಿರಿ.

10. ಆರೈಕೆ ಮಾಡುವವರ ಆರೈಕೆ

ಈ ಹೊರೆ ಹೆಚ್ಚಾಗಿ ಮನೆಯ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಕೊಟ್ಟಿಗೆ, ಅಡಿಗೆ, ಕೊಯ್ಲಿನ ಕೆಲಸಗಾರರ ಊಟ, ಅದರ ಮೇಲೆ ರಾತ್ರಿ ಎರಡು ಗಂಟೆಗೊಮ್ಮೆ ಏಳುವುದು. ಇದು ತಿಂಗಳುಗಟ್ಟಲೆ ನಡೆಯುವಂಥದಲ್ಲ. ರಾತ್ರಿಯ ಸರದಿಯನ್ನು ಗಂಡಸರೂ ಹಂಚಿಕೊಳ್ಳಬೇಕು. ತೋಟದ ಕೆಲಸಕ್ಕೆ ಆಳು ಇಡುವ ನಾವು ಈ ಕೆಲಸಕ್ಕೆ ವಾರಕ್ಕೊಂದು ದಿನ ಆಳು ಇಡುವುದನ್ನು ದುಂದು ಎಂದು ಭಾವಿಸಬಾರದು. ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು, ರೋಗಿಯ ಮೇಲೆ ಕೈಯೆತ್ತುವಷ್ಟು ಸಿಟ್ಟು ಇವು ದಣಿವು ಮಿತಿ ಮೀರಿದ ಲಕ್ಷಣಗಳು. ಮಾನಸಿಕ ನೆರವಿಗೆ ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

11. ಸಹಕಾರದ ದಾರಿ

ಮೇಲೆ ಹೇಳಿದ ಸಾಮಗ್ರಿಗಳಲ್ಲಿ ಗಾಲಿಕುರ್ಚಿ, ಏರ್‌ಬೆಡ್, ಕಮೋಡ್ ಕುರ್ಚಿ, ವಾಕರ್, ತಲೆಭಾಗ ಏರುವ ಮಂಚ ಇವು ಬೆಲೆಯುಳ್ಳವು. ಒಂದು ಮನೆಯಲ್ಲಿ ಕೆಲವು ತಿಂಗಳು ಬಳಕೆಯಾಗಿ ಆಮೇಲೆ ಅಟ್ಟ ಸೇರುತ್ತವೆ. ಪಕ್ಕದ ಊರಿನಲ್ಲಿ ಇನ್ನೊಬ್ಬರು ಅದನ್ನೇ ಸಾಲ ಮಾಡಿ ಕೊಳ್ಳುತ್ತಾರೆ. ಸಿಂಪರಣೆ ಯಂತ್ರ, ಅಡಿಕೆ ಸುಲಿಯುವ ಯಂತ್ರಗಳನ್ನು ಸಂಘದಿಂದ ಬಾಡಿಗೆಗೆ ಪಡೆಯುವುದು ನಮಗೆ ಗೊತ್ತಿರುವ ಪದ್ಧತಿ. ಇವುಗಳಿಗೂ ಅದೇ ಪದ್ಧತಿ ಏಕಾಗಬಾರದು? ಅಟ್ಟದಲ್ಲಿರುವುದನ್ನು ಸದಸ್ಯರು ಸಂಘಕ್ಕೆ ಕೊಟ್ಟರೆ, ತೊಳೆದು ರಿಪೇರಿ ಮಾಡಿ, ರಿಜಿಸ್ಟರಿನಲ್ಲಿ ನಮೂದಿಸಿ, ಅಗತ್ಯವಿರುವವರಿಗೆ ಕೊಡಬಹುದು.

ನೆರೆಯ ಕೇರಳದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಆರಂಭವಾದ ನೋವುಶಮನ ಚಿಕಿತ್ಸಾಲಯದಿಂದ ಬೆಳೆದ ಕೆಲಸ, ಊರೂರಿನ ಸ್ವಯಂಸೇವಕರು ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವ ಜಾಲವಾಯಿತು. 2008ರಲ್ಲಿ ಅಲ್ಲಿನ ಸರಕಾರ ಅದನ್ನು ರಾಜ್ಯದ ನೀತಿಯಾಗಿ ಅಂಗೀಕರಿಸಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ನೆರೆಯವರೇ ಅದರ ಬಂಡವಾಳ.

ಸರಕಾರದ ನೆರವೂ ಇದೆ. ಶಾಶ್ವತ ಅಂಗವೈಕಲ್ಯವಾದವರು ಯು.ಡಿ.ಐ.ಡಿ. ಕಾರ್ಡು ಮಾಡಿಸಿಕೊಳ್ಳಬೇಕು, ಸಾಧನ ಸಲಕರಣೆ, ಮಾಸಾಶನಗಳಿಗೆ ಅದೇ ಆಧಾರ. ಅರ್ಹರಾದ ಹಿರಿಯ ನಾಗರಿಕರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಗಾಲಿಕುರ್ಚಿ, ವಾಕರ್ ಮುಂತಾದವು ಉಚಿತ. ಪಂಚಾಯತಿಯಲ್ಲಿ ವಿಚಾರಿಸತಕ್ಕದ್ದು.

ಕೂಡಲೇ ವೈದ್ಯರಿಗೆ ತಿಳಿಸಬೇಕಾದ ಲಕ್ಷಣಗಳು

1) ಹೊಸದಾಗಿ ಮಾತು ತೊದಲುವುದು, ಮುಖ ಸೊಟ್ಟಾಗುವುದು, ಕೈಕಾಲು ಬೀಳುವುದು.
2) ಉಸಿರು ಕಟ್ಟುವುದು, ತುಟಿ ನೀಲಿಯಾಗುವುದು.
3) ಚಳಿಜ್ವರ, ಮೂತ್ರ ಕಲಕಾಗಿ ವಾಸನೆ ಬರುವುದು, ಮೂತ್ರ ನಿಲ್ಲುವುದು.
4) ಒಂದೇ ಕಾಲು ಊದಿ, ಬಿಸಿಯಾಗಿ ನೋಯುವುದು. ಇದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಅಂಥ ಕಾಲನ್ನು ನೀವಬಾರದು.
5) ಎಬ್ಬಿಸಿದರೂ ಏಳದ ಮಂಪರು.
6) ಹುಣ್ಣಿನಲ್ಲಿ ಕಪ್ಪು, ಕೀವು, ದುರ್ವಾಸನೆ.

ಈ ಪಟ್ಟಿಯನ್ನು ಕತ್ತರಿಸಿ ಮಂಚದ ಬಳಿ ಅಂಟಿಸಿಕೊಳ್ಳಬಹುದು. ತಮ್ಮ ಮನೆಯಲ್ಲಿ ಬಳಕೆಯಿಲ್ಲದೆ ಉಳಿದಿರುವ ಆರೈಕೆ ಸಾಮಗ್ರಿಗಳಿದ್ದರೆ ಸದಸ್ಯ ಬಾಂಧವರು ಮುಂದಿನ ಸಭೆಗೆ ಬರುವಾಗ ಅವುಗಳ ವಿವರ ಬರೆದು ತರಬೇಕಾಗಿ ವಿನಂತಿ.